ಮೂರನೇ ಸಲಕ್ಕೆ ಡ್ರಾ: ಬಾಯಿಬಿಟ್ಟು ಕೇಳಿ ತಗೊಳ್ಳಿ

ನಮ್ಮ ಬಾಗಲಕೋಟೆಯ ಚೆಸ್ ವಾಟ್ಸಾಪ್ ಗುಂಪಿನಲ್ಲಿ ಈ ಜಗಳ ಮುಗಿಯುವುದೇ ಇಲ್ಲ. ಯಾರಾದರೂ ಒಬ್ಬರು ಸ್ಕ್ರೀನ್‌ಶಾಟ್ ಹಾಕುತ್ತಾರೆ. ಅವರ ಹತ್ತಿರ ಒಂದು ಆನೆ ಜಾಸ್ತಿ ಇರುತ್ತದೆ, ಆದರೂ ಕೆಳಗೆ ‘ಡ್ರಾ’ ಅಂತ ಬಂದಿರುತ್ತದೆ. "ನೋಡ್ರೀ ಸರ, ಗೆಲ್ಲೋ ಆಟ ಇತ್ತು. ಅಂವ ಸುಮ್ನ ಚೆಕ್ ಕೊಟ್ಕೋತ ಕುಂತು ಡ್ರಾ ಹೊಡದ. ಇದೇನ್ ಆಟ ಆತು?" ಉಳಿದವರೆಲ್ಲ ಹೌದ್ಹೌದು ಅಂತ ತಲೆದೂಗುತ್ತಾರೆ. ಮೋಸ, ಹೇಡಿ ಅನ್ನುವ ಮಾತುಗಳೂ ಬರುತ್ತವೆ.

ನನಗೆ ಇದು ಒಪ್ಪಿಗೆ ಇಲ್ಲ. ಆನೆ ಜಾಸ್ತಿ ಇದ್ದ ಮಾತ್ರಕ್ಕೆ ಅದು ಗೆಲ್ಲೋ ಆಟ ಆಗುವುದಿಲ್ಲ. ನಿಮ್ಮ ರಾಜನಿಗೆ ಚೆಕ್‌ನಿಂದ, ಅಂದರೆ ತನ್ನ ಮೇಲೆ ಬರುವ ದಾಳಿಯಿಂದ, ಅಡಗಿಕೊಳ್ಳಲು ಒಂದು ಮನೆ ಬೇಕು. ಆ ಮನೆ ಎಲ್ಲಿದೆ ಅಂತ ಆನೆ ಹೊಡೆಯುವ ಮೊದಲೇ ನೋಡಬೇಕಿತ್ತು. ನೀವು ನೋಡಲಿಲ್ಲ, ಎದುರಿನವರು ನೋಡಿದರು. ಅರ್ಧ ಪಾಯಿಂಟ್ ಅವರು ದುಡಿದು ತಗೊಂಡದ್ದು.

ಚೆಕ್ ಕೊಡುತ್ತಲೇ ಇದ್ದರೆ ಚೆಕ್ ಕೊಟ್ಟವನೇ ಸೋಲುವ ಆಟಗಳೂ ಇವೆ. ಚೀನಾದ ಶಿಯಾಂಗ್‌ಚಿಯಲ್ಲಿ ಹಾಗೆ, ಜಪಾನಿನ ಶೋಗಿಯಲ್ಲೂ ಹಾಗೆ. ಆ ನಿಯಮ ಇಷ್ಟವಾದವರು ಆ ಆಟ ಕಲಿಯಲಿ. ನಮ್ಮ ಚೆಸ್‌ನಲ್ಲಿ ಬಿಡದೆ ಚೆಕ್ ಕೊಡುವುದಕ್ಕೆ ಅಂತ ಬೇರೆ ನಿಯಮವೇ ಇಲ್ಲ. ಅದು ಕೊನೆಗೆ ಬಂದು ನಿಲ್ಲುವುದು ‘ಮೂರು ಸಲ ಅದೇ ಪೊಜಿಶನ್’ ಅನ್ನುವ ನಿಯಮದ ಹತ್ತಿರ. ಅಂದರೆ ಬೋರ್ಡಿನ ಮೇಲೆ ಕಾಯಿಗಳೆಲ್ಲ ಮೂರನೇ ಸಲ ಹಾಗೇ ನಿಂತರೆ ಡ್ರಾ ಕೇಳಬಹುದು.

ಆ ನಿಯಮವನ್ನು ಅರ್ಧಂಬರ್ಧ ತಿಳಿದವರೇ ಜಾಸ್ತಿ. ಅದೇ ನಡೆಯನ್ನು ಮೂರು ಸಲ ಆಡಿದರೆ ಡ್ರಾ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಡೆ ಲೆಕ್ಕಕ್ಕಿಲ್ಲ, ಪೊಜಿಶನ್ ಲೆಕ್ಕ. ಒಂದರ ಹಿಂದೆ ಒಂದು ಬರಬೇಕು ಅಂತಲೂ ಇಲ್ಲ. ಇಪ್ಪತ್ತನೇ ನಡೆಯಲ್ಲಿ ಒಮ್ಮೆ, ಮೂವತ್ತರಲ್ಲಿ ಒಮ್ಮೆ, ನಲವತ್ತರಲ್ಲಿ ಒಮ್ಮೆ ಬಂದರೂ ನಡೆಯುತ್ತದೆ. ಆದರೆ ಮೂರು ಸಲವೂ ನಡೆಸುವ ಸರದಿ ಒಬ್ಬರದ್ದೇ ಇರಬೇಕು. ಕ್ಯಾಸ್ಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವುದು) ಮಾಡುವ ಹಕ್ಕು, ಆಂಪಾಸಾಂ (ಎರಡು ಮನೆ ಮುಂದೆ ಬಂದ ಕಾಲಾಳನ್ನು ಪಕ್ಕದ ಕಾಲಾಳಿನಿಂದ ಹೊಡೆಯುವುದು) ಹೊಡೆಯುವ ಅವಕಾಶ ಕೂಡ ಬದಲಾಗಿರಬಾರದು. ಇದರಲ್ಲಿ ದೊಡ್ಡವರೂ ಎಡವಿದ್ದಾರೆ. 1986ರಲ್ಲಿ ಟಿಲ್‌ಬರ್ಗ್‌ನಲ್ಲಿ ಕಾರ್ಪೊವ್ ಮತ್ತು ಮೈಲ್ಸ್ ಆಟ ಹೀಗೇ ಡ್ರಾ ಆಯಿತು. ಆಮೇಲೆ ನೋಡಿದರೆ, ಮೊದಲ ಸಲ ಆ ಪೊಜಿಶನ್ ಬಂದಾಗ ಕ್ಯಾಸ್ಲಿಂಗ್ ಹಕ್ಕು ಇತ್ತು, ಮುಂದಿನ ಎರಡು ಸಲ ಇರಲಿಲ್ಲ. ಅಂದರೆ ಲೆಕ್ಕಕ್ಕೆ ಬಂದದ್ದು ಎರಡೇ ಸಲ.

ಇನ್ನೊಂದು 1971ರದ್ದು. ಬ್ಯೂನಸ್ ಐರಿಸ್‌ನಲ್ಲಿ ಫಿಷರ್ ಮತ್ತು ಪೆಟ್ರೋಸಿಯಾನ್ ನಡುವಿನ ಮೂರನೇ ಆಟ. ಪೆಟ್ರೋಸಿಯಾನ್ ಕಡೆ ಆಟ ಚೆನ್ನಾಗಿತ್ತು. ಮೂರನೇ ಸಲ ಅದೇ ಪೊಜಿಶನ್ ಬರುತ್ತಿರುವುದು ಅವರ ಲಕ್ಷ್ಯಕ್ಕೆ ಬರಲಿಲ್ಲ. ಫಿಷರ್ ಎಣಿಸುತ್ತಾ ಕೂತಿದ್ದರು, ಕ್ಲೇಮ್ ಮಾಡಿದರು, ಅಂದರೆ ಡ್ರಾ ಬೇಕು ಅಂತ ಕೇಳಿದರು, ಡ್ರಾ. ಪೆಟ್ರೋಸಿಯಾನ್ ಆರು ವರ್ಷ ವಿಶ್ವ ಚಾಂಪಿಯನ್ ಆಗಿದ್ದ ಮನುಷ್ಯ. ಫಿಷರ್ ಹೇಡಿ ಅಂತ ನಮ್ಮ ಗುಂಪಿನವರು ಹೇಳುತ್ತಾರಾ, ಕೇಳಬೇಕು.

ಈಗ ಆನ್‌ಲೈನ್ ವಿಷಯಕ್ಕೆ ಬರುತ್ತೇನೆ. ನನ್ನ ನಿಜವಾದ ತಕರಾರು ಇರುವುದು ಇಲ್ಲಿ. ಚೆಸ್ ಡಾಟ್ ಕಾಮ್‌ನಲ್ಲಿ ಮೂರನೇ ಸಲ ಅದೇ ಪೊಜಿಶನ್ ಬಂದ ಕೂಡಲೇ ಆಟ ತಾನಾಗಿಯೇ ಮುಗಿಯುತ್ತದೆ. ಯಾರೂ ಏನೂ ಕೇಳಬೇಕಿಲ್ಲ. ಲಿಚೆಸ್ ಅನ್ನುವ ಇನ್ನೊಂದು ವೆಬ್‌ಸೈಟ್‌ನಲ್ಲಿ ಸೆಟ್ಟಿಂಗ್ ಇದೆ: ಯಾವಾಗಲೂ ತಾನೇ ಕ್ಲೇಮ್ ಮಾಡಲಿ, ಇಲ್ಲವೇ 30 ಸೆಕೆಂಡಿಗಿಂತ ಕಡಿಮೆ ಸಮಯ ಉಳಿದಾಗ ಮಾತ್ರ ಮಾಡಲಿ, ಇಲ್ಲವೇ ಯಾವತ್ತೂ ಬೇಡ. ನೀವು ಬೇಡ ಅಂದರೆ ಒಂದು ಬಟನ್ ಬರುತ್ತದೆ, ಒತ್ತಿದರೆ ಡ್ರಾ, ಒತ್ತದಿದ್ದರೆ ಆಟ ಮುಂದೆ. ಐದನೇ ಸಲ ಬಂದರೆ ಮಾತ್ರ ಯಾರನ್ನೂ ಕೇಳದೆ ಮುಗಿಸುತ್ತದೆ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮವೂ ಹೀಗೇ ಇದೆ. ಮೂರಕ್ಕೆ ಕೇಳಿದರೆ ಡ್ರಾ, ಐದಕ್ಕೆ ಕೇಳದಿದ್ದರೂ ಡ್ರಾ.

ನನ್ನ ಪ್ರಕಾರ ಲಿಚೆಸ್ ದಾರಿಯೇ ಸರಿ. ಮೂರನೇ ಸಲ ಬಂತು ಅನ್ನುವುದನ್ನು ಕಂಡುಹಿಡಿಯುವುದು, ಈಗ ಡ್ರಾ ಬೇಕೋ ಇನ್ನೂ ಆಡಲೋ ಅಂತ ನಿರ್ಧರಿಸುವುದು, ಇವೆರಡೂ ಆಟಗಾರನ ಕೆಲಸ. ವೆಬ್‌ಸೈಟ್ ಅದನ್ನು ಕಸಿದುಕೊಂಡರೆ ಹುಡುಗರು ಎಣಿಸುವುದನ್ನೇ ಕಲಿಯುವುದಿಲ್ಲ.

ಇದು ಬಾಯಿಮಾತಲ್ಲ. ನಮ್ಮ ಜಿಲ್ಲೆಯ ಒಂದು ಊರಿನಲ್ಲಿ ನಡೆದ ಟೂರ್ನಮೆಂಟ್‌ನಲ್ಲಿ ಕಣ್ಣಾರೆ ಕಂಡದ್ದು. ಎಸ್ಸೆಸ್ಸೆಲ್ಸಿ ಹುಡುಗ, ಮೊಬೈಲ್‌ನಲ್ಲಿ ಭಾರಿ ರೇಟಿಂಗ್. ಆಟ ಕೈಬಿಟ್ಟಿತ್ತು, ಆದರೆ ರಾಣಿಯಿಂದ ಚೆಕ್ ಮೇಲೆ ಚೆಕ್ ಕೊಡುವ ದಾರಿ ಹುಡುಕಿದ್ದ. ಎದುರಿನವನ ರಾಜ ಹೋಗಿ ಬಂದು ಅದೇ ಮನೆಗೆ ಮೂರನೇ ಸಲ ಬಂತು. ಹುಡುಗ ಸಣ್ಣಗೆ ನಕ್ಕು ಕೈಕಟ್ಟಿ ಕೂತ. ಬೋರ್ಡೇ ‘ಡ್ರಾ’ ಅಂತ ಹೇಳುತ್ತೇನೋ ಅನ್ನುವ ಹಾಗೆ. ಎದುರಿನವನು ಬಾಯಿ ಬಿಡಲಿಲ್ಲ, ಯಾಕೆ ಬಿಡಬೇಕು? ಆರ್ಬಿಟರ್ (ತೀರ್ಪುಗಾರ) ಕೂಡ ತಾವಾಗಿ ಹೇಳುವ ಹಾಗಿಲ್ಲ. ಹುಡುಗನ ಗಡಿಯಾರ ಓಡುತ್ತಿತ್ತು. ಗಾಬರಿಯಾಗಿ ಬೇರೆ ಮನೆಯಿಂದ ಚೆಕ್ ಕೊಟ್ಟ, ರಾಜ ತಪ್ಪಿಸಿಕೊಂಡ, ಆಟ ಹೋಯಿತು. ಹೊರಗೆ ಬಂದು "ಮೂರ್ ಸಲ ಆತಲ್ರೀ ಸರ, ಯಾಕ ಮುಗೀಲಿಲ್ಲ?" ಅಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ.

ಅವನು ಮಾಡಬೇಕಿದ್ದದ್ದು ಇಷ್ಟು: ಕಾಯಿ ಮುಟ್ಟುವ ಮೊದಲು ಗಡಿಯಾರ ನಿಲ್ಲಿಸಿ ಆರ್ಬಿಟರ್ ಕರೆಯುವುದು. ಕಾಯಿ ಮುಟ್ಟಿದರೆ ಆ ಸರದಿಯ ಹಕ್ಕು ಹೋಯಿತು. ಮೂರನೇ ಸಲ ಬರುವುದು ನಿಮ್ಮ ನಡೆಯಿಂದಲೇ ಆದರೆ, ಆ ನಡೆಯನ್ನು ಆಡಬಾರದು, ಹಾಳೆಯ ಮೇಲೆ ಬರೆದು ಹೇಳಬೇಕು. ಕ್ಲಾಸಿಕಲ್ (ತುಂಬಾ ಹೊತ್ತಿನ) ಆಟದಲ್ಲಿ ಕ್ಲೇಮ್ ತಪ್ಪಾದರೆ ಎದುರಿನವರಿಗೆ ಎರಡು ನಿಮಿಷ ಜಾಸ್ತಿ ಸಿಗುತ್ತದೆ. ರ್‍ಯಾಪಿಡ್‌ನಲ್ಲಿ (ಸಮಯ ಕಡಿಮೆ ಇರುವ ಆಟ) ನಡೆ ಬರೆಯುವುದು ಕಡ್ಡಾಯ ಇಲ್ಲ, ಆದರೂ ಕ್ಲೇಮ್ ಮಾಡುವ ಹಕ್ಕು ಇದ್ದೇ ಇರುತ್ತದೆ.

ಮೂರು ನಿಮಿಷದ ಬ್ಲಿಟ್ಜ್‌ನಲ್ಲಿ ಇದೆಲ್ಲ ಎಲ್ಲಿ ಆಗುತ್ತೆ ಅಂತ ಕೇಳುವವರ ಮಾತು ನ್ಯಾಯವೇ. ನಾಲ್ಕು ಸೆಕೆಂಡ್ ಉಳಿದಿರುವಾಗ ಬಟನ್ ಹುಡುಕು ಅನ್ನುವುದು ಕ್ರೌರ್ಯ. ಅದಕ್ಕೇ 30 ಸೆಕೆಂಡಿನ ಆಯ್ಕೆ ಇರುವುದು. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ.

ಇನ್ನು ಮೊದಲೇ ಮಾತಾಡಿಕೊಂಡು ಮಾಡುವ ಡ್ರಾ ಬೇರೆ ಜಾತಿ. 2023ರ ಡಿಸೆಂಬರ್‌ನಲ್ಲಿ ಸಮರ್ಕಂದ್‌ನ ವಿಶ್ವ ಬ್ಲಿಟ್ಜ್‌ನಲ್ಲಿ ನೆಪೋಮ್ನಿಯಾಚಿ ಮತ್ತು ದುಬೊವ್ ಬರೀ ಕುದುರೆಗಳನ್ನು ಕುಣಿಸಿ ಡ್ರಾ ಮಾಡಿಕೊಂಡರು. ಇಬ್ಬರಿಗೂ ಸೊನ್ನೆ ಕೊಟ್ಟರು. ಒಳ್ಳೆಯದೇ ಆಯಿತು. ಆಡಿ ಪಡೆದ ಡ್ರಾವನ್ನು ಅದರ ಪಕ್ಕದಲ್ಲಿ ತಂದು ನಿಲ್ಲಿಸಬೇಡಿ.

ಡ್ರಾ ಬೇಡ ಅನ್ನುವವರಿಗೆ ನಿಯಮವೇನೂ ಅಡ್ಡಿ ಮಾಡುವುದಿಲ್ಲ. 2024ರ ವಿಶ್ವ ಚಾಂಪಿಯನ್‌ಶಿಪ್‌ನ ಆರನೇ ಆಟದಲ್ಲಿ ಗುಕೇಶ್‌ಗೆ ಪೊಜಿಶನ್ ಮರುಕಳಿಸಿ ಡ್ರಾ ತಗೊಳ್ಳುವ ದಾರಿ ತೆರೆದಿತ್ತು. ಅವರು ಬೇರೆ ನಡೆ ಆಡಿದರು. ಕೊನೆಗೆ ಅದೂ ಡ್ರಾನೇ ಆಯಿತು ಅನ್ನಿ. ಆದರೆ ನಡೆ ಬದಲಿಸಬೇಕಾದದ್ದು ಗೆಲುವು ಬೇಕಾದವರು, ಎದುರಿನವರಲ್ಲ. ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕುವವರು ಮುಂದಿನ ಸಲ ಎರಡನೇ ಸಲ ಅದೇ ಪೊಜಿಶನ್ ಬಂದಾಗಿನ ಚಿತ್ರವನ್ನೂ ಹಾಕಿ. ಅಲ್ಲಿ ನಿಮಗೆ ಬೇರೆ ನಡೆ ಇತ್ತಾ ಇಲ್ವಾ, ಎಲ್ಲರೂ ಸೇರಿ ನೋಡೋಣ.