ಅರವತ್ತಕ್ಕೆ ನಡುಕ

ನಮ್ಮದು ಹಳೇ ಫೋರ್ ವೀಲ್ ಪಿಕಪ್, ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವಂಥದ್ದು. ಗಂಟೆಗೆ 55 ಕಿಲೋಮೀಟರ್‌ವರೆಗೆ ಬಲು ಸಾಧು. 60 ದಾಟಿತೋ, ಸೀಟಿನ ಕೆಳಗಿಂದ ಗುಂಯ್ ಅಂತ ನಡುಕ ಶುರು. ತೀರ್ಥಹಳ್ಳಿ ಕಡೆಯ ನಮ್ಮ ತೋಟದ ದಾರಿಯಲ್ಲಿ 60ರಲ್ಲಿ ಹೋದರೆ ಸೀದಾ ಹಳ್ಳಕ್ಕೇ. ಹಾಗಾಗಿ ಪರೀಕ್ಷೆ ಮಾಡಬೇಕೆಂದರೆ ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ, ಶಿವಮೊಗ್ಗ ಹಾದು ಭದ್ರಾವತಿ ರಸ್ತೆ ಹಿಡಿಯಬೇಕು. ರಿಪೇರಿಗಿಂತ ಡೀಸೆಲ್ ಖರ್ಚೇ ಜಾಸ್ತಿ.

ಗಾಡಿ ಹತ್ತದೆಯೇ ಕಾರಣ ಹೇಳುವವರಿಗೆ ಊರಲ್ಲಿ ಬರ ಇಲ್ಲ. "ಅರವತ್ತಾದ್ಮೇಲೆ ಯಾರಿಗೆ ನಡುಕ ಬರಲ್ಲ ಮಾರಾಯಾ, ನನ್ನ ಕೈ ನೋಡು" ಎಂದರು ಚಿಕ್ಕಪ್ಪ. ಹಾಲಿನ ಡೇರಿಯಲ್ಲಿ ಒಬ್ಬರು ಇಂಜಿನ್ ಮೌಂಟಿಂಗ್ ಎಂದರು, ಇನ್ನೊಬ್ಬರು ಕ್ಲಚ್ ಎಂದರು, ಮೂರನೆಯವರು ಗಾಡಿ ಮಾರು ಎಂದರು. ಟಯರ್ ಅಂಗಡಿಯವರು ಟಯರ್ ಎಂದರು. ಅವರು ಇನ್ನೇನು ಹೇಳಿಯಾರು? ನಾಲ್ಕೂ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿ, ತೂಕದ ತುಂಡು ಬಡಿದು ಕಳಿಸಿದರು. ನಡುಕ ಹೋಗಲಿಲ್ಲ. ಮುಂದಿನ ಚಕ್ರದ ದೋಷ ಆಗಿದ್ದರೆ ಸಾಮಾನ್ಯವಾಗಿ ಸ್ಟೇರಿಂಗ್ ಅಲುಗಬೇಕು. ನಮ್ಮದರಲ್ಲಿ ಸ್ಟೇರಿಂಗ್ ಗಟ್ಟಿ, ಸೀಟಿಗೆ ಮಾತ್ರ ಚಳಿಜ್ವರ.

ಕೊನೆಗೆ ಉಪಯೋಗಕ್ಕೆ ಬಂದದ್ದು ಅಮ್ಮನ ಸುಣ್ಣದ ಡಬ್ಬಿ. ಕವಳ ಹಾಕಿ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದರು. 60 ಮುಟ್ಟಿದ್ದೇ ತಡ, ಅದರ ಮುಚ್ಚಳ ಟಿಕಿಟಿಕಿಟಿಕಿ ಎಂದು ಬಡಿದುಕೊಳ್ಳತೊಡಗಿತು. ನ್ಯೂಟ್ರಲ್ ಹಾಕಿದೆ. ಇಂಜಿನ್ ಸದ್ದು ಇಳಿಯಿತು, ಡಬ್ಬಿ ನಿಲ್ಲಲಿಲ್ಲ. ಅಲ್ಲಿಗೆ ಡೇರಿಯ ಮೊದಲ ಇಬ್ಬರು ಸೋತರು. ಇನ್ನು ಗೇರ್ ಬಾಕ್ಸ್ ಕಡೆಯಿಂದ ಚಕ್ರಗಳ ಕಡೆಗೆ ಬಲ ಒಯ್ಯುವ ಶಾಫ್ಟುಗಳು. ಮುಂದಿನ ಚಕ್ರಗಳನ್ನು ಆಕ್ಸಲ್ಲಿಗೆ ಜೋಡಿಸುವ ಹಬ್ ಲಾಕ್ ಬಿಟ್ಟಿದ್ದರಿಂದ, ಹಿಂದಿನ ಚಕ್ರಕ್ಕಷ್ಟೇ ಬಲ ಹೋಗುವ ಟೂ ವೀಲ್‌ನಲ್ಲಿ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಉಳಿದದ್ದು ಹಿಂದಿನ ಶಾಫ್ಟ್.

"ಇನ್ನೊಂದ್ಸಲ ನ್ಯೂಟ್ರಲ್ ಮಾಡಿ ಹೆದರಿಸಿದ್ರೆ ನಾನು ಬಸ್ಸಿಗೆ ಹೋಗ್ತೀನಿ ಕಣೋ" ಎಂದರು ಅಮ್ಮ.

ಊರಿನ ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಗಾಡಿಯಡಿ ನುಗ್ಗಿದರು. ಶಾಫ್ಟ್ ಹಿಡಿದು ಅತ್ತಿತ್ತ ತಿರುಚಿದರು. ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲುಗಳಾದ ಕ್ರಾಸ್‌ಗಳಲ್ಲಿ ಆಟ, ಅಂದರೆ ಸಡಿಲ, ಇಲ್ಲ. ಇರೋದಾದ್ರೂ ಹೇಗೆ, ಮಳೆಗಾಲದ ಮುಂಚೆಯಷ್ಟೇ ಪೇಟೆಯ ಒಂದು ಗ್ಯಾರೇಜಿನಲ್ಲಿ ಹೊಸ ಕ್ರಾಸ್ ಹಾಕಿಸಿದ್ದೆವು. ಆಮೇಲೆ ಮೇಸ್ತ್ರಿ, ಶಾಫ್ಟಿನ ಎರಡು ತುಂಡು ಹಲ್ಲಿಗೆ ಹಲ್ಲು ಕೂತು ಜಾರುವ ಸ್ಲಿಪ್ ಜಾಯಿಂಟ್ ಮೇಲಿನ ಗ್ರೀಸು, ಕೆಂಪು ಮಣ್ಣನ್ನು ಬಟ್ಟೆಯಲ್ಲಿ ಒರೆಸಿ, "ಬನ್ನಿ ನೋಡಿ" ಎಂದರು. ಎದುರುಬದುರು ಇರಬೇಕಾದ ಎರಡು ಬಾಣದ ಗುರುತುಗಳಲ್ಲಿ ಒಂದು ಆಕಾಶ ನೋಡುತ್ತಿತ್ತು, ಇನ್ನೊಂದು ಅಡಿಕೆ ತೋಟ.

ಶಾಫ್ಟಿನ ಎರಡು ತುದಿಗೂ ಒಂದೊಂದು ಕ್ರಾಸ್ ಇರುತ್ತದೆ. ಓರೆಯಾಗಿ ತಿರುಗುವಾಗ ಮೊದಲನೆಯದು ಒಂದು ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತದೆ. ಬಾಣಗಳು ಎದುರುಬದುರಿದ್ದರೆ ಎರಡನೆಯದು ಅದನ್ನು ಸರಿದೂಗಿಸುತ್ತದೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿದಂತೆ, ಲೆಕ್ಕ ತಪ್ಪಿದರೆ ಒನಕೆಗೆ ಒನಕೆ ತಾಗುತ್ತದೆ. ಗ್ಯಾರೇಜಿನವರು ಸ್ಲಿಪ್ ಜಾಯಿಂಟನ್ನು ಕೆಲವು ಹಲ್ಲು ಆಚೀಚೆ ಕೂರಿಸಿದ್ದರು, ಅಷ್ಟೇ.

ಮೇಸ್ತ್ರಿ ಬೋಲ್ಟ್ ಬಿಚ್ಚಿ, ಬಾಣಕ್ಕೆ ಬಾಣ ಕೂಡಿಸಿ, ಗ್ರೀಸ್ ಹೊಡೆದರು. ಕಾಫಿ ಆರುವುದರೊಳಗೆ ಕೆಲಸ ಮುಗಿಯಿತು.

ಈಗ 70ಕ್ಕೂ ಡಬ್ಬಿ ತೆಪ್ಪಗಿದೆ. ಆದರೆ ನಡುಕ ಹೋದ ಮೇಲೆ ಗೇರ್ ಬಾಕ್ಸ್ ಕಡೆಯಿಂದ ಸಣ್ಣಗೆ ಕುಂಯ್ ಅನ್ನೋ ಸದ್ದು ಕೇಳುತ್ತಿದೆ. ಡೇರಿಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.