ನೀರು ಎಲ್ಲಿವರೆಗೆ ಬಂದಿತ್ತು?

ಕಳೆದ ನವೆಂಬರಿನಲ್ಲಿ ಫ್ಲೋರಿಡಾದ ಕೇಪ್ ಕೋರಲ್‌ನಲ್ಲಿ ಒಂದು ಮನೆ ನೋಡಲು ಹೋಗಿದ್ದೆವು. ಹಿತ್ತಿಲಲ್ಲಿ ಕಾಲುವೆ, ಅದಕ್ಕೆ ಇಳಿಯಲು ಮರದ ಅಟ್ಟಣೆ, ಪಕ್ಕದಲ್ಲಿ ದೋಣಿ ಎತ್ತಿಡುವ ಲಿಫ್ಟ್. ಮಾರುತ್ತಿದ್ದವರು ಎಪ್ಪತ್ತು ದಾಟಿದ ಗಂಡ ಹೆಂಡತಿ. ನನ್ನ ಹೆಂಡತಿ ಇನ್ನೂ ಅಡುಗೆಮನೆಯ ಕಪಾಟು ತೆಗೆದು ನೋಡುತ್ತಿದ್ದಳು. ಅಷ್ಟರಲ್ಲಿ ಆ ಯಜಮಾನರು ಗೋಡೆ ಹತ್ತಿರ ಹೋಗಿ, ಬಗ್ಗಿ, ಮೊಣಕಾಲಿನ ಮಟ್ಟಕ್ಕೆ ಅಂಗೈ ಹಿಡಿದರು. "ಇಯಾನ್ ಚಂಡಮಾರುತ ಬಂದಾಗ ನೀರು ಇಲ್ಲಿವರೆಗೆ ಇತ್ತು" ಅಂದರು. ಆಮೇಲೆ ಒಂದು ಹಾಳೆ ಕೈಗೆ ಕೊಟ್ಟರು. ಪ್ರವಾಹದ ವಿಮೆ ಹಣ ಕೇಳಿದ್ದು, ಸರ್ಕಾರದ ನೆರವು ಪಡೆದದ್ದು, ಎಲ್ಲಾ ಅದರಲ್ಲಿತ್ತು. ಕೆಳಗೆ ಸಹಿ.

ನಾನು ಕೇಳಿರಲೇ ಇಲ್ಲ. ಮನೆ ಮಾರಲು ಕೂತವರು ತಾವಾಗಿ ಮನೆಯ ಹುಳುಕು ಹೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಹುಟ್ಟಿ ಬೆಳೆದದ್ದು ಕೊಡಗಿನ ಸಿದ್ದಾಪುರದ ಹತ್ತಿರ. ಅಪ್ಪ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಮನೆಯಿಂದ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ಕಾವೇರಿ. ಆದರೆ ಮಳೆಗಾಲದಲ್ಲಿ ಆ ಕಡೆ ತಲೆ ಹಾಕಿದರೆ ಕಾಲು ಮುರಿಯುವುದಾಗಿ ಅಮ್ಮ ಹೇಳಿದ್ದರು, ಹೇಳಿದ್ದನ್ನು ಮಾಡುವವರೂ ಆಗಿದ್ದರು. ಹಾಗಾಗಿ ಕಾವೇರಿ ದಡದಲ್ಲಿ ಬೆಳೆದೂ ನನಗೆ ಈಜು ಬರುತ್ತಿರಲಿಲ್ಲ. ಕಲಿತದ್ದು ನಲವತ್ತರ ಮೇಲೆ, ಒಹಾಯೋದ ಈಜುಕೊಳದಲ್ಲಿ, ಎಂಟು ವರ್ಷದ ಮಕ್ಕಳ ಜೊತೆ. ಈಗ 55ಕ್ಕೆ ಕೆಲಸ ಬಿಟ್ಟು ನೀರಿನ ಪಕ್ಕ ಇರಬೇಕು ಅನ್ನುವ ಹುಚ್ಚು ಹತ್ತಿದೆ. 24 ವರ್ಷ ಹಿಮ ಗೋರಿದ್ದು ಸಾಕು.

ಮುಂದಿದ್ದದ್ದು ಎರಡು ದಾರಿ. ಒಂದು ಈ ಫ್ಲೋರಿಡಾ. ಇನ್ನೊಂದು ಕುಶಾಲನಗರದಲ್ಲಿ ಹೊಳೆ ಕಾಣುವ ಹಾಗೆ ಒಂದು ಸೈಟು.

ಕೇಪ್ ಕೋರಲ್ ಊರೇ ಒಂದು ವಿಚಿತ್ರ. 1957ರಲ್ಲಿ ಬಾಲ್ಟಿಮೋರಿನ ಇಬ್ಬರು ಅಣ್ಣ ತಮ್ಮ ಜೌಗು ನೆಲ ಕೊಂಡು, ಕಾಲುವೆ ತೋಡಿ, ತೋಡಿದ ಮಣ್ಣನ್ನೇ ಪಕ್ಕಕ್ಕೆ ಹಾಕಿ ಎತ್ತರ ಮಾಡಿ ಸೈಟು ಮಾರಿದರು. ಈಗ ಅಲ್ಲಿ 400 ಮೈಲಿಗೂ ಜಾಸ್ತಿ ಕಾಲುವೆ ಇದೆ. ನೀರಿನ ಪಕ್ಕದ ಮನೆ ಅಂದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ಲ. ಕೆಲವು ಸಿಹಿನೀರಿನ ಕಾಲುವೆ, ಅಲ್ಲಿಂದ ಸಮುದ್ರಕ್ಕೆ ದಾರಿಯಿಲ್ಲ, ಸುಮ್ನೆ ಕೆರೆಯಲ್ಲಿ ಸುತ್ತಿದ ಹಾಗೆ. ಕೆಲವು ಉಪ್ಪುನೀರಿನವು, ನದಿಗೆ, ಅಲ್ಲಿಂದ ಕೊಲ್ಲಿಗೆ ಸೇರುತ್ತವೆ. ಅದರಲ್ಲೂ ದಾರಿಯಲ್ಲಿ ಸೇತುವೆ ಇದೆಯಾ ಅನ್ನುವುದು ಮುಖ್ಯ. ಸೇತುವೆ ತಗ್ಗಾಗಿದ್ದರೆ ಹಾಯಿದೋಣಿಯ ಕಂಬ ತಾಗುತ್ತದೆ. ಸೇತುವೆಯಿಲ್ಲದ ಕಾಲುವೆಯ ಮನೆಗೆ ಅದಕ್ಕೇ ಬೆಲೆ ಜಾಸ್ತಿ. ಕಾಲುವೆಯೊಳಗೆ ದೋಣಿ ಆಮೆ ನಡಿಗೆಯಲ್ಲೇ ಹೋಗಬೇಕು. ಮನೆಯಿಂದ ಹೊರಟು ತೆರೆದ ನೀರು ಕಾಣಲು ಕೆಲವು ಕಡೆ ಒಂದು ಗಂಟೆ ಬೇಕು. ಇನ್ನು ಹಿತ್ತಿಲ ತಡೆಗೋಡೆ ಕುಸಿದರೆ ಕಟ್ಟಿಸುವುದು ನಮ್ಮದೇ ಕರ್ಮ, ನಗರಸಭೆ ಬರುವುದಿಲ್ಲ.

ಇದನ್ನೆಲ್ಲಾ ಫೋನಿನಲ್ಲಿ ಅಪ್ಪನಿಗೆ ವರದಿ ಮಾಡಿದೆ. ಅವರು ಕೇಳಿದ್ದು ಎರಡೇ ಮಾತು. "ಎಂತ ಮಾರಾಯ, ದುಡ್ಡು ಕೊಟ್ಟು ಹೊಳೆಬದಿಗೆ ಹೋಗ್ತೀಯಾ? ಹಿಂದೆ ಹತ್ತಲಿಕ್ಕೆ ಬರೆ ಉಂಟಾ?"

ಬರೆ ಅಂದರೆ ನಮ್ಮ ಕಡೆ ಗುಡ್ಡದ ಏರು. ಅಲ್ಲಿ ಬರೆ ಇಲ್ಲ. ಇಡೀ ಊರು ದೋಸೆ ಕಲ್ಲಿನ ಹಾಗೆ ಚಪ್ಪಟೆ.

ಡಿಸೆಂಬರಿನಲ್ಲಿ ಊರಿಗೆ ಬಂದೆ. ಸುಗ್ಗಿಯ ಹಬ್ಬ ಪುತ್ತರಿ ಮುಗಿದಿತ್ತು, ತೋಟಗಳಲ್ಲಿ ಕಾಫಿ ಕೊಯ್ಲು ಜೋರಾಗಿತ್ತು. ಕುಶಾಲನಗರದಲ್ಲಿ ಒಬ್ಬ ಬ್ರೋಕರ್ ಒಂದು ರೀಸೇಲ್ ಮನೆ ತೋರಿಸಿದರು. ಸೈಟ್ ಬೇಡ ಸರ್, ಕಟ್ಟಿದ್ದೇ ಸಿಗ್ತದೆ, ರಿವರ್ ವ್ಯೂ, ಅಂದರು. ವ್ಯೂ ನಿಜಕ್ಕೂ ಇತ್ತು. ತಾರಸಿಗೆ ಹೋದರೆ ಬಿದಿರು ಮೆಳೆ, ಆಚೆ ಹೊಳೆ, ಅದರ ಮೇಲೆ ಬೆಳಗಿನ ಮಂಜು. ಒಂದು ಕ್ಷಣ ಫ್ಲೋರಿಡಾ ಮರೆತೇ ಹೋಯಿತು.

"ಮಳೆಗಾಲದಲ್ಲಿ ನೀರು ಬರ್ತದಾ?"

"ಇಲ್ಲಿಗಾ? ಏ, ಇಲ್ಲ ಸರ್. ಆ ಲೋ ಲೈನ್‌ಗೆ ಬರೋದು. ಇದು ಹೈಟ್‌ನಲ್ಲಿದೆ."

ಮನೆಗೆ ಹೊಸ ಬಣ್ಣ ಬಳಿದಿತ್ತು. ಆದರೆ ಹಾಲಿನ ಸ್ವಿಚ್ ಬೋರ್ಡಿನ ಒಂದು ಸ್ಕ್ರೂ ಸಡಿಲವಾಗಿ, ಬೋರ್ಡ್ ಮುಂದಕ್ಕೆ ವಾಲಿತ್ತು. ಸುಮ್ನೆ ಬೆರಳಿನಿಂದ ಒತ್ತಿದೆ. ಒಳಗಿನಿಂದ ಒಣಗಿದ ಕೆಂಪು ಗೋಡು ಪುಡಿಯಾಗಿ ಉದುರಿತು. ನನ್ನ ಎದೆ ಮಟ್ಟದ ಬೋರ್ಡ್ ಅದು. ಬ್ರೋಕರ್ ಚಪ್ಪಲಿಯಲ್ಲಿ ಆ ಪುಡಿಯನ್ನು ಮೆಲ್ಲಗೆ ಬದಿಗೆ ಸರಿಸಿ, "ಗೆದ್ದಲು ಸರ್" ಅಂದರು.

ಅವರಿಗೆ ಫೋನ್ ಬಂದು ಗೇಟಿನ ಹತ್ತಿರ ಹೋದಾಗ, ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಕರೆದರು. ನೀರು ಎರಡು ಸಾವಿರದ ಹದಿನೆಂಟರಲ್ಲೂ ಬಂತು, ಹತ್ತೊಂಬತ್ತರಲ್ಲೂ ಬಂತು, ಫ್ರಿಜ್ ತೇಲಿತ್ತು, ನಮ್ಮನ್ನು ದೋಣಿಯಲ್ಲಿ ಕರಕೊಂಡು ಹೋದರು, ಅಂತ ಒಂದೇ ಉಸಿರಿನಲ್ಲಿ ಹೇಳಿದರು. ಬ್ರೋಕರ್ ತಿರುಗಿ ಬರುವುದು ಕಂಡು ಧ್ವನಿ ಇಳಿಸಿದರು: "ನಾನ್ ಹೇಳ್ದೆ ಅಂತ ಹೇಳ್ಬೇಡಪ್ಪ. ನಮ್ದೂ ಮಾರೋದಿದೆ."

ಅಲ್ಲಿಂದ ಸಿದ್ದಾಪುರಕ್ಕೆ ಬರುವ ದಾರಿಯುದ್ದಕ್ಕೂ ನನಗೆ ಸಿಟ್ಟು. ಬ್ರೋಕರ್ ಮೇಲಲ್ಲ, ಅವರ ಹೊಟ್ಟೆಪಾಡು ಅದು. ಸಿಟ್ಟು ನಮ್ಮೆಲ್ಲರ ಮೇಲೆ. ಏಕೆಂದರೆ ಕೊಡಗಿನವರಷ್ಟು ನೀರಿನ ಲೆಕ್ಕ ಇಡುವವರು ಬೇರೆಲ್ಲೂ ಇರಲಿಕ್ಕಿಲ್ಲ. ನಮ್ಮಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ. ಇಂಚು, ಸೆಂಟು. ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ. "ನಿಮ್ಮಲ್ಲಿ ಎಷ್ಟು?" "ಒಂದು ಇಪ್ಪತ್ತು." ಕಾಫಿ ಹೂ ಅರಳಿಸುವ ಹೂಮಳೆ ಬಂದ ದಿನ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲಾ ಇದೇ. ಪಕ್ಕದ ತೋಟದವರಿಗೆ ಹತ್ತು ಸೆಂಟು ಜಾಸ್ತಿ ಬಿದ್ದರೆ ಹೊಟ್ಟೆಕಿಚ್ಚು. ಆ ಹೂ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಬರದಿದ್ದರೆ ಮುಖ ಸಪ್ಪೆ. ಮಳೆಯೂ ಸೆಂಟಿನಲ್ಲಿ, ಜಾಗವೂ ಸೆಂಟಿನಲ್ಲಿ. ಅಂಥಾ ಜನ ಜಾಗ ಮಾರುವಾಗ ಮಾತ್ರ ಎದೆಮಟ್ಟದ ನೀರನ್ನು ಹೇಗೆ ಮರೆಯುತ್ತಾರೆ? ಕಾಫಿಗೆ ಬಿದ್ದ ನೀರು ನೆನಪಿರುತ್ತದೆ, ಮನೆಗೆ ನುಗ್ಗಿದ ನೀರು ನೆನಪಿರುವುದಿಲ್ಲ.

ಫ್ಲೋರಿಡಾದ ಆ ಮನೆಯ ವಿಳಾಸ ಕಂಪ್ಯೂಟರಿನಲ್ಲಿ ಹಾಕಿದರೆ ಅದು ಪ್ರವಾಹದ ಯಾವ ವಲಯದಲ್ಲಿದೆ ಅಂತ ನಕ್ಷೆ ತೆರೆದುಕೊಳ್ಳುತ್ತದೆ. ಮಾಮೂಲು ಮನೆ ವಿಮೆಯಲ್ಲಿ ಪ್ರವಾಹ ಸೇರುವುದಿಲ್ಲ, ಅದಕ್ಕೆ ಬೇರೆಯೇ ವಿಮೆ, ಸರ್ಕಾರದ ಯೋಜನೆಯಲ್ಲಿ ಕಟ್ಟಡಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ. ಪ್ರವಾಹ ವಲಯದ ಮನೆ ಅರ್ಧಕ್ಕಿಂತ ಜಾಸ್ತಿ ಬೆಲೆಯಷ್ಟು ಹಾಳಾದರೆ ಹಳೆಯ ಎತ್ತರದಲ್ಲೇ ರಿಪೇರಿ ಮಾಡಲು ಬಿಡುವುದಿಲ್ಲ, ಎತ್ತರಿಸಿ ಕಟ್ಟಬೇಕು. ಕೊಳ್ಳುವವನು ಹೆದರಿ ಓಡಿದರೆ ಓಡಲಿ, ಗೊತ್ತಿದ್ದು ಓಡುತ್ತಾನಲ್ಲ. ನಮ್ಮಲ್ಲಿ ಖಾತೆ ನೋಡುತ್ತೇವೆ, ಆರ್‌ಟಿಸಿ ನೋಡುತ್ತೇವೆ, ಇಸಿ ತೆಗೆಸುತ್ತೇವೆ, ವಾಸ್ತುವಿಗೆ ಬಾಗಿಲು ತಿರುಗಿಸುತ್ತೇವೆ. ನೀರು ಎಲ್ಲಿವರೆಗೆ ಬಂದಿತ್ತು ಅನ್ನುವುದಕ್ಕೆ ಮಾತ್ರ ಯಾವ ಕಾಗದವೂ ಇಲ್ಲ. ಗದ್ದೆಗೆ ಮಣ್ಣು ತುಂಬಿ, ಕಲ್ಲು ನೆಟ್ಟು, ಒಂದು ಕಮಾನು ನಿಲ್ಲಿಸಿದರೆ ಬಡಾವಣೆ. ಗದ್ದೆ ಅಲ್ಲಿ ಯಾಕಿತ್ತು? ನೀರು ನಿಲ್ಲುತ್ತಿತ್ತು ಅಂತ ತಾನೇ!

ಮನೆಗೆ ಬಂದು ಇದನ್ನೇ ಕೂಗಾಡಿದೆ. ಅಪ್ಪ ಏನೂ ಹೇಳದೆ ಒಳಗೆ ಹೋಗಿ ಅವರ ಮಳೆ ಪುಸ್ತಕ ತಂದು ಮುಂದಿಟ್ಟರು. ನೀಲಿ ರಟ್ಟಿನ ಉದ್ದ ಲೆಡ್ಜರ್. ಎಸ್ಟೇಟಿನ ಕೆಲಸ ಬಿಟ್ಟು ಇಪ್ಪತ್ತು ವರ್ಷ ಆದರೂ ಅಂಗಳದ ತುದಿಯಲ್ಲಿ ಗೇಜ್ ಇಟ್ಟುಕೊಂಡಿದ್ದಾರೆ. ಬೆಳಿಗ್ಗೆ ಕಾಫಿ ಕುಡಿದು, ಮಫ್ಲರ್ ಸುತ್ತಿ, ಅಳೆದು ಬರೆಯುತ್ತಾರೆ. 2019ರ ಆಗಸ್ಟ್ ಪುಟ ತೆಗೆದೆ. ತಿಂಗಳ ಮೊದಲ ವಾರ ಸಾಲಾಗಿ ಅಂಕಿ. 9ನೇ ತಾರೀಖಿಗೆ ಅಂಕಿಯೇ ಇಲ್ಲ. "ಬಾಟಲಿ ತುಂಬಿ ಚೆಲ್ಲಿದೆ" ಅಂತ ಬರೆದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: "ಕರಡಿಗೋಡು ದಡದ ಮನೆಗಳು ಹೋದವು. ಶಾಲೆಗೆ ಅಕ್ಕಿ 2 ಮೂಟೆ, ಕಂಬಳಿ 6." ಕರಡಿಗೋಡು ಸಿದ್ದಾಪುರದ ಪಕ್ಕ, ಕಾವೇರಿ ದಡದ ಊರು.

"ಇದನ್ನು ಯಾರಾದ್ರೂ ಕೇಳ್ಕೊಂಡು ಬಂದಿದ್ದಾರಾ?" ಅಂದೆ.

"ನೀನೇ ಮೊದಲು" ಅಂದರು.

ಇಲ್ಲಿಂದ ಮುಂದೆ ಬರೆಯಲು ಅಷ್ಟು ಮನಸ್ಸಿಲ್ಲ. ಆದರೂ ಬರೆಯದಿದ್ದರೆ ನಾನೂ ಆ ಬ್ರೋಕರಿಗಿಂತ ಮೇಲೇನಲ್ಲ.

ಕೇಪ್ ಕೋರಲ್‌ನ ಆ ಯಜಮಾನರು ಸತ್ಯಹರಿಶ್ಚಂದ್ರನ ವಂಶದವರೇನಲ್ಲ. ಫ್ಲೋರಿಡಾದಲ್ಲಿ ಮನೆ ಮಾರುವವರು ಆ ಹಾಳೆ ತುಂಬಿ ಕೊಡಲೇಬೇಕು ಅಂತ ಕಾನೂನು ಬಂದದ್ದು 2024ರ ಅಕ್ಟೋಬರ್ 1ಕ್ಕೆ. ಇಯಾನ್ ಬಡಿದದ್ದು 2022ರ ಸೆಪ್ಟೆಂಬರ್ 28ಕ್ಕೆ. ನಡುವಿನ ಎರಡು ವರ್ಷದಲ್ಲಿ ಎಷ್ಟು ಗೋಡೆಗೆ ಹೊಸ ಬಣ್ಣ ಬಿದ್ದಿರಬಹುದು, ಯಾರಿಗೆ ಗೊತ್ತು. ಆ ಊರು ಕಟ್ಟಿದ ಅಣ್ಣ ತಮ್ಮಂದಿರೂ ಮಹಾ ವ್ಯಾಪಾರಿಗಳೇ. ಪುಕ್ಕಟೆ ಊಟ ಹಾಕಿ, ಸಣ್ಣ ವಿಮಾನ ಹತ್ತಿಸಿ, ಮೇಲಿನಿಂದ ಸೈಟು ತೋರಿಸಿ ಮಾರಿದವರು. ಜೌಗಿಗೆ ಮಣ್ಣು ತುಂಬಿದ್ದು ಅವರು, ಗದ್ದೆಗೆ ತುಂಬಿದ್ದು ನಾವು. ಲೆಕ್ಕ ಒಂದೇ.

ಇನ್ನೊಂದು ಮಾತು ಆ ಯಜಮಾನರು ಬೀಳ್ಕೊಡುವಾಗ ಹೇಳಿದ್ದು. ಚಂಡಮಾರುತಕ್ಕೆ ಊರು ಬಿಡಿ ಅಂದಾಗ ಎಡಗಡೆ ಮನೆಯಲ್ಲೂ ಜನ ಇರಲಿಲ್ಲ, ಬಲಗಡೆಯಲ್ಲೂ ಇರಲಿಲ್ಲ. ಚಳಿಗಾಲಕ್ಕೆ ಮಾತ್ರ ಬರುವವರು. ವಾರದ ಮೇಲೆ ಇವರು ವಾಪಸ್ ಬಂದು ಕಾರ್ಪೆಟ್ ಎಳೆದು ಹಾಕಿದ್ದೂ ಇಬ್ಬರೇ. ಕರಡಿಗೋಡಿನಲ್ಲಿ ರಾತ್ರಿ ನೀರು ಏರುವಾಗ ಕೂಗಿ ಎಬ್ಬಿಸಿದ್ದು ಪಕ್ಕದ ಮನೆಯವರು. ಗಂಜಿ ಕೇಂದ್ರದಲ್ಲಿ ಅನ್ನ ಬಡಿಸಿದ್ದು ನನ್ನ ಜೊತೆ ಓದಿದವರು. ಆ ಅಜ್ಜಿಯನ್ನೇ ನೋಡಿ. ತನ್ನ ಮನೆಯ ರೇಟು ಬೀಳುತ್ತದೆ ಅಂತ ಗೊತ್ತಿದ್ದೂ ಗುರುತಿಲ್ಲದ ನನ್ನನ್ನು ಕರೆದು ಹೇಳಿದರಲ್ಲ. ನಮ್ಮಲ್ಲಿ ಇರುವ ಹಾಳೆ ಅದೇ, ಕಾಂಪೌಂಡಿನ ಮೇಲಿಂದ ಬರುತ್ತದೆ. ಸಹಿ ಮಾತ್ರ ಇರುವುದಿಲ್ಲ.

ಅಪ್ಪ ಹೇಳುವ ಬರೆಯ ಮಾತಿಗೂ ಈಗ ಮೊದಲಿನ ಬಲ ಇಲ್ಲ. ಎತ್ತರಕ್ಕೆ ಹೋದರೆ ಸಾಕು ಅಂತ ನಾವು ನಂಬಿದ್ದೆವು. 2018ರಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಎತ್ತರವೇ ಇಳಿದು ಬಂತು. 2020ರಲ್ಲಿ ತಲಕಾವೇರಿಯಲ್ಲೇ ಬೆಟ್ಟ ಜಾರಿತು. ಅದನ್ನು ಹೇಳಿದರೆ ಅಪ್ಪ ಸುಮ್ಮನಾಗುತ್ತಾರೆ.

ಇನ್ನು ದೋಣಿಯ ಆಸೆ. ಮಾರ್ಚ್ ಬಂದರೆ ನಮ್ಮ ಕಡೆ ಕಾವೇರಿಯಲ್ಲಿ ಬಂಡೆ ಎಣಿಸಬಹುದು, ದೋಣಿ ಹೊತ್ತುಕೊಂಡು ನಡೆಯಬೇಕಷ್ಟೆ. ಫ್ಲೋರಿಡಾದಲ್ಲಿ ವರ್ಷವಿಡೀ ನೀರು, ಆದರೆ ಹಿರಿಯರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್ ಸಿಗುವುದು 65ಕ್ಕೆ. ಅಲ್ಲಿವರೆಗೆ ಹತ್ತು ವರ್ಷ ಆರೋಗ್ಯ ವಿಮೆ ಕೈಯಿಂದ ಕಟ್ಟಿದರೆ ದೋಣಿಗೆ ಡೀಸೆಲ್ ಹಾಕಿಸಲು ದುಡ್ಡು ಉಳಿಯಬೇಕಲ್ಲ. ಹೆಂಡತಿ ಮೈಸೂರಿನವಳು. ಕಾರಂಜಿ ಕೆರೆಯಲ್ಲಿ ಗಂಟೆಗಿಷ್ಟು ಅಂತ ಪೆಡಲ್ ತುಳಿ, ಆಸೆ ತೀರುತ್ತದೆ, ಅನ್ನುತ್ತಾಳೆ.

ವಾಪಸ್ ಹೊರಡುವ ಹಿಂದಿನ ದಿನ ಬ್ರೋಕರ್ ಮೆಸೇಜ್ ಮಾಡಿದರು. "ಸರ್, ಪಾರ್ಟಿ ಎರಡು ಲಕ್ಷ ಇಳಿಸ್ತಾರಂತೆ. ಫೈನಲ್ ಮಾಡೋಣ್ವಾ?" ನಾನು ಬರೆದೆ: "2018, 2019ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಂತ ಓನರ್ ಹತ್ರ ಒಂದು ಸಾಲು ಬರೆಸಿ ಕೊಡಿ. ಮುಂದೆ ಮಾತಾಡೋಣ."

ಎರಡು ನೀಲಿ ಗೆರೆ ಬಿದ್ದವು. ಉತ್ತರ ಇಲ್ಲ. ಮರುದಿನ ಬೆಳಿಗ್ಗೆ ಏರ್‌ಪೋರ್ಟಿನ ದಾರಿಯಲ್ಲಿ ಅವರಿಂದ ಒಂದು ಶುಭೋದಯದ ಚಿತ್ರ ಬಂತು. ತಲಕಾವೇರಿಯ ಫೋಟೋ, ಮೂಲೆಯಲ್ಲಿ ಗುಲಾಬಿ ಹೂ.