ನನ್ನ ಮಗುವಿನ ಪಕ್ಕದಲ್ಲಿ ಯಾರು ಕೂರಬೇಕು?

ನಮಗಿನ್ನೂ ಮಕ್ಕಳಾಗಿಲ್ಲ. ಆದರೂ ಎರಡು ವರ್ಷದಿಂದ ರಾತ್ರಿ ಊಟಕ್ಕೆ ಕೂತರೆ ನಮ್ಮ ಮನೆಯಲ್ಲಿ ಇದೇ ಮಾತು. ಮಗು ಹುಟ್ಟಿದರೆ ಶಾಲೆಗೆ ಕಳಿಸೋದಾ, ಮನೆಯಲ್ಲೇ ಕಲಿಸೋದಾ?

ಮನೆಯಲ್ಲೇ ಕಲಿಸೋಣ ಅಂತ ಮೊದಲು ಹೇಳಿದವಳು ನಾನೇ. ನಾಲ್ಕನೇ ಕ್ಲಾಸಿನವರೆಗೆ ನಾನು ದಾವಣಗೆರೆಯ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿದ್ದೆ. ಏಳರ ಮಗ್ಗಿ ತಪ್ಪಿದಾಗೆಲ್ಲ ಬೆರಳಿನ ಗೆಣ್ಣಿನ ಮೇಲೆ ಸ್ಕೇಲಿನ ಏಟು ಬೀಳುತ್ತಿತ್ತು. ಒಂದು ವರ್ಷ ಫೀಸಿನ ಕಂತು ತಡವಾಯಿತು. ಪರೀಕ್ಷೆಯ ದಿನ ನನ್ನನ್ನು ಹೊರಗೆ ನಿಲ್ಲಿಸಿದರು. ಒಳಗೆ ಎಲ್ಲರೂ ಬರೆಯುತ್ತಿದ್ದರು, ನಾನು ರಟ್ಟು ಹಿಡಿದುಕೊಂಡು ಬಾಗಿಲ ಪಕ್ಕ ನಿಂತಿದ್ದೆ. ಅಪ್ಪನಿಗೆ ಇವತ್ತಿಗೂ ಅದನ್ನು ಹೇಳಿಲ್ಲ. ಈಗ ನಾದಿನಿಯ ಮಗ ಯುಕೆಜಿ. ರಾತ್ರಿ ಒಂಬತ್ತಕ್ಕೆ ಹೋಂವರ್ಕ್ ಬರೆಯುತ್ತಾ ಬರೆಯುತ್ತಾ ಹಾಗೇ ನಿದ್ದೆ ಹೋಗುತ್ತಾನೆ, ಕೈಯಲ್ಲಿ ಪೆನ್ಸಿಲ್ ಇದ್ದ ಹಾಗೇ. ಅವನನ್ನು ನೋಡಿದಾಗೆಲ್ಲ ನನ್ನ ಮಗುವಿಗೆ ಇದು ಬೇಡವೇ ಬೇಡ ಅನಿಸುತ್ತಿತ್ತು.

ಕಾನೂನು ಏನು ಹೇಳುತ್ತೆ ಅಂತ ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಮಕ್ಕಳಿಗೆ ಉಚಿತವಾಗಿ ಶಿಕ್ಷಣ ಕೊಡೋದು ಸರ್ಕಾರದ ಹೊಣೆ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸೋದು ತಂದೆತಾಯಿಯ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಮನೆಯಲ್ಲೇ ಕಲಿಸುವವರ ಬಗ್ಗೆ ಅದರಲ್ಲಿ ನೇರವಾದ ಮಾತಿಲ್ಲ. ಆದರೂ ಹಾಗೆ ಕಲಿಸುವ ಕುಟುಂಬಗಳಿವೆ. ಅವರಲ್ಲಿ ಎಷ್ಟೋ ಜನ ನೆಚ್ಚಿಕೊಂಡಿರೋದು ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯನ್ನು. 14 ತುಂಬಿದ ಮಗು ಅಲ್ಲಿ ಹತ್ತನೇ ತರಗತಿ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು. ಕನಿಷ್ಠ 5 ವಿಷಯ ಪಾಸಾಗಬೇಕು. ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ, 5 ವರ್ಷದಲ್ಲಿ 9 ಅವಕಾಶ ಇರುತ್ತದೆ. ಇಷ್ಟು ತಿಳಿದ ಮೇಲೆ ಧೈರ್ಯ ಬಂತು.

ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಏನೇನು ಕಲಿಸಬೇಕು ಅಂತ ಬರೆಯತೊಡಗಿದೆ. ಆ ದಿನಗಳು ಬಹಳ ಖುಷಿಯ ದಿನಗಳು. ಇತಿಹಾಸ ಶುರು ಮಾಡೋದು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಿಂದ. ಅಲ್ಲಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಕೊನೆಯಲ್ಲಿ ಬರೆದವನ ಹೆಸರೂ ಇದೆ, ಚಪಡ ಅಂತ. ತಾನು ಲಿಪಿಕಾರ ಅನ್ನೋದನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಅದು ವಾಯವ್ಯದ ಕಡೆ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಬರೆಯುವ ಲಿಪಿ. ಅಷ್ಟು ದೂರದ ಅಕ್ಷರ ನಮ್ಮ ಬಯಲುಸೀಮೆಯ ಬಂಡೆಗೆ ಹೇಗೆ ಬಂತು ಅಂತ ಒಂದು ಮಗು ಕೇಳಿದರೆ, ಒಂದು ತಿಂಗಳ ಪಾಠ ಅಲ್ಲೇ ಇದೆ, ಅಲ್ವಾ?

ಲೆಕ್ಕಕ್ಕೆ ಹಿರಿಯೂರಿನ ಮಾರಿಕಣಿವೆ. ನಮ್ಮತ್ತೆಯ ತವರು ಆ ಕಡೆಯೇ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದಿತ್ತು, ಮತ್ತೆ ಬಿದ್ದದ್ದು 2022ರಲ್ಲಿ. ಆ ವರ್ಷ ಅತ್ತೆ ಹಟ ಮಾಡಿ ನಮ್ಮನ್ನೆಲ್ಲ ಕರೆದುಕೊಂಡು ಹೋದರು. ನೀರು ಉಕ್ಕಿ ಹರಿಯೋದನ್ನು ನೋಡುತ್ತಾ ಅವರು ಎಷ್ಟೋ ಹೊತ್ತು ಮಾತಾಡಲಿಲ್ಲ. 2022ರಲ್ಲಿ 1933 ಕಳೆದರೆ 89. ಆ ದಡದ ಮೇಲೆ ನಿಂತು ಮಾಡಿದ ಕಳೆಯುವ ಲೆಕ್ಕವನ್ನು ಯಾವ ಮಗು ಮರೆಯುತ್ತೆ?

ನೋಟ್‌ಬುಕ್ಕನ್ನು ಅತ್ತೆಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು ಕೇಳಿದರು. "ಎಲ್ಲಾ ಚಂದ ಐತವ್ವಾ. ಆದ್ರೆ ಆ ಕೂಸಿನ ಪಕ್ಕ ಯಾರು ಕೂತ್ಕೊಂತಾರೆ?"

ನನಗೆ ಉತ್ತರ ಹೊಳೆಯಲಿಲ್ಲ. ನೆನಪಾದದ್ದು ಐದನೇ ಕ್ಲಾಸು.

ಫೀಸು ಕಟ್ಟಲಾಗದೆ ಅಪ್ಪ ನನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿದ ವರ್ಷ ಅದು. ನನ್ನ ಪಕ್ಕ ಕೂರುತ್ತಿದ್ದ ಹುಡುಗಿಯ ಮೈಯಿಂದ ಯಾವಾಗಲೂ ಹೊಗೆಯ ವಾಸನೆ ಬರುತ್ತಿತ್ತು. ಬೆಳಗಿನ ಜಾವ ಎದ್ದು ಅಮ್ಮನ ಜೊತೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡಿ ಶಾಲೆಗೆ ಬರುತ್ತಿದ್ದಳು. ನನಗೆ ಏಳರ ಮಗ್ಗಿ ಬಂದದ್ದು ಅವಳಿಂದ. ದಿನಕ್ಕೆ ಆರು ಚೀಲ ಆದರೆ ವಾರಕ್ಕೆಷ್ಟು, ಎಂಟು ಆದರೆ ಎಷ್ಟು ಅಂತ ಕೇಳುತ್ತಿದ್ದಳು. ಅದು ಅವಳ ಮನೆಯ ಕೂಲಿ ಲೆಕ್ಕ. ಸ್ಕೇಲಿನಿಂದ ನಾಲ್ಕು ವರ್ಷ ಆಗದ್ದು ಒಂದು ವಾರದಲ್ಲಿ ಆಯಿತು.

"ಶಾಲೇಲಿ ಉಣ್ಣಬ್ಯಾಡ, ಯಾರ್ಯಾರು ಮಾಡಿರ್ತಾರೋ" ಅಂತ ನಮ್ಮಜ್ಜಿ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಮೂರನೇ ದಿನ ಡಬ್ಬಿಯನ್ನು ಬ್ಯಾಗಿನಲ್ಲೇ ಬಿಟ್ಟು, ತಟ್ಟೆ ಹಿಡಿದು ಅವಳ ಪಕ್ಕ ಬಿಸಿಯೂಟಕ್ಕೆ ಕೂತೆ. ನಮ್ಮ ಓಣಿಯಲ್ಲಿ ಇರೋರೆಲ್ಲ ನಮ್ಮವರೇ. ನೆಂಟರು ನಮ್ಮವರು, ಮಠ ನಮ್ಮದು, ಮದುವೆಗೆ ಬರೋರೂ ನಮ್ಮವರೇ. ಬೇರೆ ಮನೆಯ ಮಗುವಿನ ಜೊತೆ ಒಂದೇ ಸಾಲಲ್ಲಿ ಕೂತು ಉಂಡದ್ದು ನನಗೆ ಅದೇ ಮೊದಲು. ಶಾಲೆ ಇಲ್ಲದಿದ್ದರೆ ಅದು ಯಾವಾಗ ಆಗುತ್ತಿತ್ತೋ, ಆಗುತ್ತಲೇ ಇರಲಿಲ್ಲವೋ.

ಏಳನೇ ಕ್ಲಾಸ್ ಮುಗಿದ ಮೇಲೆ ಅವಳು ಬರಲಿಲ್ಲ. 2008ರ ಬೇಸಿಗೆ ಅದು. ಕಾಯ್ದೆ ಜಾರಿಗೆ ಬರುವ ಹೊತ್ತಿಗೆ ಅವಳು ಪೂರ್ತಿ ಭಟ್ಟಿ ಸೇರಿ ಎರಡು ವರ್ಷವಾಗಿತ್ತು. ಹಾಗಾಗಿ ಆ 10ನೇ ಸೆಕ್ಷನ್ನನ್ನು ಮತ್ತೆ ಓದಿದಾಗ ನನಗೆ ಬೇರೆ ಥರ ಕಂಡಿತು. ಮೊದಲ ಸಲ ಓದಿದಾಗ ಅದನ್ನು ದಾಟೋದು ಹೇಗೆ ಅಂತ ಮಾತ್ರ ನೋಡಿದ್ದೆ. ಅವಳಂಥ ಮಕ್ಕಳಿಗಾಗಿ ಬರೆದ ಮಾತು ಅದು ಅಂತ ಹೊಳೆದೇ ಇರಲಿಲ್ಲ.

ಮನೆಯಲ್ಲಿ ಕಲಿಸುವವರ ಮೇಲೆ ನನಗೆ ಬೇಸರವಿಲ್ಲ. ಶಾಲೆಯ ಗದ್ದಲ ತಡೆಯಲಾಗದ ಮಕ್ಕಳಿದ್ದಾರೆ, ಶಾಲೆಯಿಂದ ಗಾಯಗೊಂಡ ಮಕ್ಕಳಿದ್ದಾರೆ. ಅವರಿಗೆ ಮನೆಯೇ ಸರಿ. ಇನ್ನೊಂದು ಮಾತನ್ನೂ ಹೇಳಬೇಕು. ನಮ್ಮ ಕಡೆ ಮನೆಯಲ್ಲಿ ಕಲಿಸೋದು ಅಂದರೆ ತಾಯಿ ಕೆಲಸ ಬಿಡೋದು ಅಂತಲೇ ಅರ್ಥ. ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ನನ್ನ ಕೆಲಸ ನನಗೆ ಇಷ್ಟ, ನಾನು ಬಿಡಲ್ಲ.

ನನ್ನ ಮನಸ್ಸಿನಲ್ಲಿರೋದು ಇಷ್ಟು. ಆರು ತುಂಬುವವರೆಗೆ ಅಂಗನವಾಡಿ ಮತ್ತು ಮನೆ, ಎಲ್‌ಕೆಜಿ ಯುಕೆಜಿ ಬೇಡ. ಆಮೇಲೆ ಮನೆಗೆ ಹತ್ತಿರದ ಸರ್ಕಾರಿ ಶಾಲೆ. ನೋಟ್‌ಬುಕ್ಕನ್ನು ಎಸೆದಿಲ್ಲ. ಬ್ರಹ್ಮಗಿರಿಗೆ ಭಾನುವಾರ ಹೋಗಬಹುದು, ಪಕ್ಕದಲ್ಲಿ ಕೂರುವ ಮಗುವನ್ನೂ ಕರೆದುಕೊಂಡು.

ಹೋದ ವಾರ ಇಬ್ಬರೂ ಆ ಶಾಲೆಗೆ ಹೋಗಿ ಬಂದೆವು. ಒಂದನೇ ತರಗತಿಯಲ್ಲಿ ಒಂಬತ್ತೇ ಮಕ್ಕಳು. ದಾರಿಯುದ್ದಕ್ಕೂ ನಮ್ಮ ಮನೆಯವರು ಮಾತಾಡಲಿಲ್ಲ. ಗೇಟು ತೆಗೆಯುವಾಗ, "ಇಂಗ್ಲಿಷಿಗೆ ಏನ್ ಮಾಡ್ತೀಯ?" ಅಂತ ಕೇಳಿದರು. ಅವರ ಭಯ ನನಗೂ ಇದೆ.

ಈ ಐದಾರು ವರ್ಷದಲ್ಲಿ ದಾವಣಗೆರೆ, ಚಿತ್ರದುರ್ಗದ ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ಇಂಗ್ಲಿಷ್ ಹೇಗಾಯಿತು, ಟೀಚರ್ ಸಾಕಷ್ಟು ಇದ್ದಾರಾ, ಮಗು ಬೆಳಿಗ್ಗೆ ಖುಷಿಯಿಂದ ಹೊರಡುತ್ತಾ? ಕಷ್ಟ ಆಗಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ನಮ್ಮ ಮನೆಯವರಿಗೂ ಓದಿಸುತ್ತೇನೆ.